ಯಾವ ಅರಿವಿ, ತಮ್ಮಾ?

ವಿಜಯಪುರ
ಶುಕ್ರವಾರ ರಾತ್ರಿ

ಪ್ರೀತಿಯ ತಮ್ಮಾ,

ನಿನ್ನ ಕವಿತೆಗಳ ಕಟ್ಟು ಹೋದ ವಾರವೇ ಕೈ ಸೇರಿತು. ಎರಡು ಸಲ ಓದಿದೆ. ಒಂದು ಸಲ ಸುಮ್ನೆ ಓದಿದೆ, ಇನ್ನೊಂದು ಸಲ ಕೆಂಪು ಪೆನ್ನು ಹಿಡಿದು ಓದಿದೆ. 32 ವರ್ಷ ಸಾಲಿಯಲ್ಲಿ ಪಾಠ ಹೇಳಿದ ಚಟ ಇದು, ಬಿಡುವುದಿಲ್ಲ. ಎಣಿಸಿಯೂ ನೋಡಿದೆ. ಹನ್ನೊಂದು ಕವಿತೆಗಳಲ್ಲಿ 'ಮುಸುಕು' ಹದಿನಾಲ್ಕು ಸಲ ಬಂದಿದೆ. 'ಪರದೆ' ಐದು ಸಲ. ಆರು ಕವಿತೆಗಳ ಕೊನೆಗೆ ನೀನು ಅದನ್ನು ಹರಿದು ಹಾಕಿದ್ದೀಯ. ಹರಿದಾಗಲೆಲ್ಲ ಆಚೆ ಕಂಡದ್ದು ಒಂದೇ: ಬೆಳಕು.

ಸಿಟ್ಟಾಗಬೇಡ. ನಾನೂ ಹರಿದವಳೇ. ಇಪ್ಪತ್ತೆರಡನೇ ವಯಸ್ಸಿಗೆ ಬರೆದ ಮೊದಲ ಕವಿತೆಯಲ್ಲಿ ಮಾಯೆಯ ಮುಸುಕನ್ನು ನಾಲ್ಕೇ ಸಾಲಿನಲ್ಲಿ ಚಿಂದಿ ಮಾಡಿದ್ದೆ. ಒಂದು ಪತ್ರಿಕೆಗೆ ಕಳಿಸಿದೆ, ವಾಪಸು ಬಂತು. ಹಾಳೆಯ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಎರಡೇ ಪದ ಬರೆದಿದ್ದರು: 'ಯಾವ ಅರಿವಿ?' ಯಾವ ಬಟ್ಟೆ ಅಂತ. ಮೈ ಉರಿದುಹೋಯಿತು. ಕವಿತೆ ತಿಳಿಯದ ಮಂದಿ ಅಂತ ಬೈದುಕೊಂಡೆ. ಅದು ಬೈಗುಳ ಅಲ್ಲ, ನಿಜವಾದ ಪ್ರಶ್ನೆ ಅಂತ ಗೊತ್ತಾಗಲು ಹತ್ತು ವರ್ಷ ಬೇಕಾಯಿತು.

ಈಗ ಅದನ್ನೇ ನಿನಗೆ ಕೇಳುತ್ತಿದ್ದೇನೆ. ನೀನು ಹರಿದದ್ದು ಯಾವ ಅರಿವಿ? ಹತ್ತಿಯೋ ರೇಷ್ಮೆಯೋ? ಹೊಸದೋ, ಒಗೆದು ಒಗೆದು ಸವೆದದ್ದೋ? ಅದರ ತುದಿ ಯಾರ ಕೈಯಲ್ಲಿತ್ತು? ಮತ್ತೆ, ನೀನು ಅದರ ಯಾವ ಬದಿಗೆ ನಿಂತಿದ್ದೆ?

ನನ್ನ ಮದುವೆಯ ಅಂತರಪಟದ ಕಥೆ ಹೇಳುತ್ತೇನೆ. ನಮ್ಮ ಕಡೆ ಮದುವೆ ನೋಡಿದ್ದೀಯಲ್ಲ, ಗಂಡು ಹೆಣ್ಣಿನ ನಡುವೆ ಒಂದು ಬಟ್ಟೆ ಹಿಡಿಯುತ್ತಾರೆ. ಮಂಗಳಾಷ್ಟಕ ಮುಗಿಯುವವರೆಗೆ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ನಮ್ಮದು ಬಿಳಿ ಧೋತ್ರ. ಮೇಲೆ ಕುಂಕುಮದಲ್ಲಿ ಸ್ವಸ್ತಿಕ ಬರೆದಿದ್ದರು. ಕುಂಕುಮ ಹಸಿ ಇತ್ತು, ಬಟ್ಟೆಯಲ್ಲಿ ಇಂಗಿ ನನ್ನ ಬದಿಗೂ ಮೂಡಿತ್ತು. ಆದರೆ ನನಗೆ ಕಂಡದ್ದು ಉಲ್ಟಾ ಸ್ವಸ್ತಿಕ. ಅಪಶಕುನವೇನೋ ಅಂತ ಎದೆ ಹೊಡೆದುಕೊಂಡಿತು. ಕಣ್ಣು ಕೆಳಗೆ ಇಳಿಸಿದೆ. ಬಟ್ಟೆಯ ಅಂಚಿನ ಕೆಳಗೆ ಎರಡು ಪಾದ ಕಂಡವು. ಬಲಗಾಲಿನ ಹೆಬ್ಬೆರಳಿನ ಉಗುರು ಕಪ್ಪಗೆ ಕಂದಿಹೋಗಿತ್ತು. ಅಷ್ಟೂ ಹೊತ್ತು ಅದನ್ನೇ ನೋಡುತ್ತ ನಿಂತೆ.

ಅಂತರಪಟ ಸರಿಯಿತು. ಅಕ್ಕಿಕಾಳು ಸುರಿದವು. ನಾನು ತಲೆ ಎತ್ತಿ ನೋಡಿದರೆ ಪುಣ್ಯಾತ್ಮ ಕಣ್ಣು ಮುಚ್ಚಿಕೊಂಡು ನಿಂತಿದ್ದಾರೆ! ಅಕ್ಕಿಕಾಳು ಕಣ್ಣಿಗೆ ಬೀಳುತ್ತದೆ ಅಂತ ಹೆದರಿಕೆ.

ಆ ಉಗುರನ್ನು ಎತ್ತು ತುಳಿದಿತ್ತಂತೆ. ಆಮೇಲೆ ಕೇಳಿ ತಿಳಿದುಕೊಂಡೆ. ನಮ್ಮದು 41 ವರ್ಷದ ಸಂಸಾರ. ಅವರ ಬಗ್ಗೆ ನನಗೆ ಮೊದಲು ಗೊತ್ತಾದ ಸಂಗತಿ ಆ ಉಗುರು. ಬಟ್ಟೆ ಅಡ್ಡ ಇದ್ದಾಗಲೇ ಗೊತ್ತಾದದ್ದು. ಬಟ್ಟೆ ಸರಿದ ಮೇಲೆ ಗೊತ್ತಾಗದೆ ಉಳಿದದ್ದು ಇನ್ನೂ ಬೇಕಾದಷ್ಟಿದೆ, ಅವರು ತೀರಿಹೋದರು.

ಗಂಡನ ಮನೆ ಕೃಷ್ಣಾ ನದಿಯ ಆಚೆ, ಬಾಗಲಕೋಟೆ ಕಡೆ. ಮಾವನವರ ಮುಂದೆ ಸೆರಗು ಹಣೆ ದಾಟಿ ಇಳಿಯಬೇಕು. ಅವ್ವ ಕೊಟ್ಟ ಇಳಕಲ್ಲ ಸೀರೆ, ಒಡಲು ಹತ್ತಿ, ಸೆರಗು ಕೆಂಪು ರೇಷ್ಮೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಗೆ ಇನ್ನೊಂದರ ಎಳೆಯನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಕೊಂಡಿಯ ಗೆರೆ ಸರಿಯಾಗಿ ನನ್ನ ಕಿವಿಯ ಹತ್ತಿರ ಬರುತ್ತಿತ್ತು. ಮುಸುಕಿನೊಳಗಿಂದ ಜಗತ್ತು ಮೊಣಕಾಲಿನ ಕೆಳಗಷ್ಟೇ ಕಾಣುತ್ತದೆ. ಮೂರು ತಿಂಗಳಲ್ಲಿ ಓಣಿಯ ಎಲ್ಲರೂ ನನಗೆ ಪಾದದಿಂದ ಗೊತ್ತಾದರು. ಸಾಲ ಕೇಳಲು ಬಂದವರ ಪಾದ ಹೊಸ್ತಿಲ ಹತ್ತಿರ ಹೇಗೆ ತಡೆಯುತ್ತದೆ, ವಸೂಲಿಗೆ ಬಂದವರ ಚಪ್ಪಲಿ ಹೇಗೆ ಸದ್ದು ಮಾಡುತ್ತದೆ, ಎಲ್ಲ ತಿಳಿಯಿತು. ಅವರಿಗೆ ನಾನು ಕಾಣುತ್ತಿರಲಿಲ್ಲ. ನನಗೆ ಅವರು ಕಾಣುತ್ತಿದ್ದರು.

ಸೆರಗನ್ನು ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡ. ಕುತ್ತಿಗೆ ನೋಯುತ್ತಿತ್ತು. ಬೇಸಿಗೆಯಲ್ಲಿ ಬೆವರು ಕಣ್ಣಿಗೆ ಇಳಿಯುತ್ತಿತ್ತು. ನೌಕರಿಯ ಆರ್ಡರ್ ಬಂದ ದಿನ ಹೆಗಲಿಗೆ ಇಳಿಸಿದೆ, ಮತ್ತೆ ಏರಿಸಲಿಲ್ಲ. ಇಳಿಸಿದೆ ಅಂದೆ ನೋಡು, ಹರಿಯಲಿಲ್ಲ. 120 ರೂಪಾಯಿಯ ಸೀರೆ ಯಾರು ಹರಿಯುತ್ತಾರೆ?

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಇರುವಿಕೆಯ ಬಗ್ಗೆ ದೊಡ್ಡ ದೊಡ್ಡ ಯೋಚನೆ ಮಾಡಿದವರು ಮುಸುಕಿನ ಮಾತು ಬಂದಾಗ ಸಾಮಾನ್ಯವಾಗಿ ಹೊರಗೆ ನಿಂತಿರುತ್ತಾರೆ. ಸತ್ಯ ಒಳಗೆ, ತಾವು ಹೊರಗೆ. ಕೈ ಚಾಚಿ ಎಳೆಯುವುದೊಂದೇ ಬಾಕಿ. ಒಳಗಿನಿಂದ ಮಾತಾಡಿದ್ದು ಕಡಿಮೆ. ಈಜಿಪ್ಟಿನ ಸಾಯಿಸ್ ಎಂಬ ಊರಿನ ದೇವಿಯ ಮೂರ್ತಿಯ ಮೇಲೆ ಒಂದು ಬರಹ ಇತ್ತು ಅಂತ ಗ್ರೀಕ್ ಲೇಖಕ ಪ್ಲೂಟಾರ್ಕ್ ಸುಮಾರು 1,900 ವರ್ಷದ ಹಿಂದೆ ಬರೆದಿಟ್ಟ. ಹಿಂದೆ ಇದ್ದದ್ದು, ಈಗ ಇರುವುದು, ಮುಂದೆ ಬರುವುದು ಎಲ್ಲ ನಾನೇ, ನನ್ನ ಉಡುಗೆಯನ್ನು ಈವರೆಗೆ ಯಾವ ಮನುಷ್ಯನೂ ಸರಿಸಿಲ್ಲ ಅಂತ ದೇವಿಯೇ ಹೇಳುವ ಮಾತು ಅದು. ಬಟ್ಟೆಯೊಳಗಿನಿಂದ ಬಂದ ದನಿ. ನನಗೆ ಅದು ಗರ್ವದ ಮಾತಾಗಿ ಕೇಳುವುದಿಲ್ಲ. ಮಾವನ ಮುಂದೆ ಕೂತು ಎಲ್ಲ ನೋಡುತ್ತಿದ್ದ ಸೊಸೆಯ ನಗು ಕೇಳುತ್ತದೆ. ಜರ್ಮನಿಯ ಷಿಲ್ಲರ್ 1795ರಲ್ಲಿ ಇದೇ ಮೂರ್ತಿಯ ಮೇಲೆ ಪದ್ಯ ಬರೆದ. ಅದರಲ್ಲಿ ನಿನ್ನಂಥ ಅವಸರದ ಹುಡುಗ ಒಬ್ಬ ರಾತ್ರಿ ಗುಡಿಗೆ ನುಗ್ಗಿ ಮುಸುಕು ಎತ್ತುತ್ತಾನೆ. ಬೆಳಗಾದಾಗ ಪ್ರಜ್ಞೆ ತಪ್ಪಿ ಬಿದ್ದಿರುತ್ತಾನೆ. ಏನು ಕಂಡೆ ಅಂತ ಯಾರಿಗೂ ಹೇಳುವುದಿಲ್ಲ. ನೀನು ಮಾತ್ರ ಆರು ಸಲ ಎತ್ತಿ, ಆರು ಸಲವೂ ಬಾಯಿಬಿಟ್ಟು ಹೇಳಿದ್ದೀಯ!

ನಮ್ಮ ಅಕ್ಕಮಹಾದೇವಿ ಇನ್ನೂ ಮುಂದೆ ಹೋದಳು. ಜಗತ್ತೆಲ್ಲ ಕಣ್ಣಾಗಿ ತನ್ನ ದೇವರು ಚೆನ್ನಮಲ್ಲಿಕಾರ್ಜುನನೇ ನೋಡುತ್ತಿರುವಾಗ ಮುಚ್ಚಿಕೊಳ್ಳಲು ಜಾಗ ಎಲ್ಲಿದೆ ಅಂತ ಕೇಳಿದಳು. ನಾವು ಅವನ ಮುಸುಕು ಎಳೆಯಲು ಹೋಗುತ್ತೇವೆ, ಅವಳು ತನ್ನದನ್ನು ಬಿಟ್ಟಳು. ಬದಿ ಬದಲಾದ ಕೂಡಲೇ ಮಾತೇ ಬದಲಾಯಿತು.

ಇನ್ನು ಮುಚ್ಚುವುದರಲ್ಲೂ ನೂರು ಬಗೆ ಇವೆ. ಗೀತೆಯ ಮೂರನೇ ಅಧ್ಯಾಯದಲ್ಲಿ ಆಸೆ ಅರಿವನ್ನು ಹೇಗೆ ಮುಚ್ಚುತ್ತದೆ ಅಂತ ಹೇಳಲು ಮೂರು ಹೋಲಿಕೆ ಬರುತ್ತವೆ. ಹೊಗೆ ಬೆಂಕಿಯನ್ನು ಮುಚ್ಚಿದಂತೆ, ಧೂಳು ಕನ್ನಡಿಯನ್ನು ಮುಚ್ಚಿದಂತೆ, ಗರ್ಭದ ಪೊರೆ ಕೂಸನ್ನು ಮುಚ್ಚಿದಂತೆ. ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ, ಆದರೆ ಮೂರೂ ಒಂದೇ ಅಲ್ಲ. ಹೊಗೆ ಹುಟ್ಟುವುದು ಬೆಂಕಿಯಿಂದಲೇ. ಧೂಳು ಹೊರಗಿನದು, ಒರೆಸಿದರೆ ಆಯಿತು. ಪೊರೆಗೆ ಕೈ ಹಚ್ಚುವಂತಿಲ್ಲ. ಕೂಸನ್ನು ಬೆಳೆಸುವುದೇ ಅದು. ನಮ್ಮ ಮನೆಯ ಎಮ್ಮೆ ಈಯುವಾಗ ಒಮ್ಮೆ ಕರು ಪೊರೆಯ ಸಮೇತ ನೆಲಕ್ಕೆ ಬಿತ್ತು. ಆಗ ಅತ್ತೆ ಉಗುರಿನಿಂದ ಸರಕ್ಕನೆ ಸೀಳಿದರು, ಮೂಗಿನ ಲೋಳೆ ತೆಗೆದರು, ಕರು ಉಸಿರಾಡಿತು. ಅರ್ಧ ಗಂಟೆ ಮೊದಲು ಅದೇ ಪೊರೆ ಅದರ ಜೀವ ಕಾಯುತ್ತಿತ್ತು. ಹರಿಯುವ ಗಳಿಗೆ ಅಂತ ಒಂದಿದೆ. ಅತ್ತೆಗೆ ಅದು ಗೊತ್ತಿತ್ತು. ನಿನ್ನ ಕವಿತೆಗಳಿಗೆ ಗೊತ್ತಿಲ್ಲ.

ಈಶಾವಾಸ್ಯ ಉಪನಿಷತ್ತಿನಲ್ಲಿ ಸತ್ಯದ ಮುಖಕ್ಕೆ ಮುಚ್ಚಿದ್ದು ಬಂಗಾರದ ಮುಚ್ಚಳ. ಕಪ್ಪು ಕಂಬಳಿ ಅಲ್ಲ. ಹೊಳೆಯುವುದೇ ಮುಚ್ಚಿದೆ. ಅದನ್ನು ಒಡೆಯುತ್ತೇನೆ ಅಂತ ಆ ಋಷಿ ಹಾರಾಡುವುದಿಲ್ಲ. ಸರಿಸಪ್ಪಾ, ನನಗೆ ನೋಡಬೇಕಾಗಿದೆ ಅಂತ ಸೂರ್ಯನನ್ನು ಬೇಡಿಕೊಳ್ಳುತ್ತಾನೆ. ಸೂಫಿಗಳಲ್ಲಿ ಈ ಮಾತು ಇನ್ನೂ ಗಟ್ಟಿ. ದೇವರ ಮುಂದೆ 70,000 ಪರದೆಗಳಿವೆ, ಬೆಳಕಿನವು ಮತ್ತು ಕತ್ತಲೆಯವು. ಅವನ್ನು ಸರಿಸಿಬಿಟ್ಟರೆ ಅವನ ಮುಖದ ತೇಜಸ್ಸು ನೋಡಿದವರನ್ನು ಸುಟ್ಟುಬಿಡುತ್ತದೆ ಅಂತ ಅವರಲ್ಲಿ ಒಂದು ಹೇಳಿಕೆ ಇದೆ. 1111ರಲ್ಲಿ ತೀರಿಕೊಂಡ ಸೂಫಿ ಚಿಂತಕ ಗಜಾಲಿ ಇದನ್ನೇ ಹಿಡಿದು ಬರೆದರು, ಯಾರಿಗೆ ಕತ್ತಲೆಯ ಪರದೆ, ಯಾರಿಗೆ ಬೆಳಕಿನ ಪರದೆ ಅಂತ ಬಿಡಿಸಿ ಹೇಳಿದರು. ನೀನು ಪರದೆ ಹರಿದು ಬೆಳಕು ಕಂಡೆ ಅಂತ ಬರೆದೆಯಲ್ಲ, ಗಜಾಲಿ ಅದನ್ನು ಓದಿದ್ದರೆ ಇನ್ನೊಂದು ಪರದೆ ಕಂಡಿದ್ದೀಯ ಅನ್ನುತ್ತಿದ್ದರೇನೋ.

ಹಗ್ಗವನ್ನು ಹಾವು ಅಂತ ತಪ್ಪು ತಿಳಿಯುವ ಅದ್ವೈತದವರ ಹೋಲಿಕೆ ನಿನಗೆ ಗೊತ್ತೇ ಇದೆ. ಅದರಲ್ಲಿ ಜನ ಮರೆಯುವ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಪೂರ್ತಿ ಕತ್ತಲಲ್ಲಿ ಯಾರಿಗೂ ಹಾವು ಕಾಣುವುದಿಲ್ಲ. ಹಾವು ಕಾಣಲು ಅರೆಬೆಳಕು ಬೇಕು. ಹಗ್ಗ ಮರೆಯಾಗುವುದು ಒಂದು, ಹಾವು ತೋರುವುದು ಇನ್ನೊಂದು. ಆವರಣ, ವಿಕ್ಷೇಪ ಅಂತ ಅದಕ್ಕೇ ಎರಡು ಹೆಸರು ಇಟ್ಟರು. ನಿನ್ನ ಮುಸುಕು ಬರೀ ಮುಚ್ಚುತ್ತದೆ, ಏನನ್ನೂ ತೋರಿಸುವುದಿಲ್ಲ. ಅದಕ್ಕೇ ಅದು ಇಷ್ಟು ಬೋರು.

ಪದಗಳನ್ನೂ ಸ್ವಲ್ಪ ಕೈಯಲ್ಲಿ ಹಿಡಿದು ನೋಡು. 'ತೆರೆ' ಅಂದರೆ ಪರದೆ. 'ತೆರೆ' ಅಂದರೆ ಬಾಗಿಲು ತೆಗೆ ಅಂತಲೂ ಹೌದು. ಮುಚ್ಚುವುದಕ್ಕೂ ತೆಗೆಯುವುದಕ್ಕೂ ಒಂದೇ ಪದ ಅಂತ ಕುಣಿದು ಪ್ರಬಂಧ ಬರೆಯಲು ಹೊರಡಬೇಡ, ನಾನು ಹೊರಟು ನಗೆಪಾಟಲಾಗಿದ್ದೇನೆ. ಹಳಗನ್ನಡದಲ್ಲಿ ಅವು ಬೇರೆ ಬೇರೆ. ಪರದೆಗೆ ಸಾದಾ ರ, ಬಾಗಿಲಿಗೆ ಶಕಟರೇಫ ಅನ್ನುವ ಹಳೆಯ ಅಕ್ಷರ ಱ, ತೆಱೆ. ಆ ಱ ಬಿದ್ದುಹೋದ ಮೇಲೆ ಎರಡೂ ಒಂದೇ ಥರ ಕಾಣುತ್ತಿವೆ. 'ಮರೆ' ಹಾಗಲ್ಲ. ಅಡ್ಡ ಇರುವುದೂ ಮರೆ, ನೆನಪು ಹೋಗುವುದೂ ಮರೆ, ಎರಡಕ್ಕೂ ಹಿಂದಿನಿಂದ ಶಕಟರೇಫವೇ. ಇವು ಒಂದೇ ಬಳ್ಳಿಯ ಕಾಯಿ. ಗ್ರೀಕರಲ್ಲೂ ಇಂಥದ್ದೇ ಒಂದಿದೆ. ಸತ್ಯಕ್ಕೆ ಅವರು ಅಲೆಥೇಯ ಅನ್ನುತ್ತಾರೆ. ಅದರೊಳಗಿನ 'ಲೇಥೆ'ಗೆ ಮರೆವು ಅಂತಲೂ ಅರ್ಥ, ಮರೆ ಅಂತಲೂ ಅರ್ಥ. ಹೋದ ಶತಮಾನದಲ್ಲಿ ಜರ್ಮನಿಯ ತತ್ವಜ್ಞಾನಿ ಹೈಡೆಗರ್ ಈ ಪದವನ್ನು ಹಿಡಿದು ಕೂತ. ಸತ್ಯ ಅಂದರೆ ಮರೆಯಿಂದ ಹೊರಬರುವುದು, ಆದರೆ ಒಂದು ಹೊರಬಂದಾಗ ಇನ್ನೊಂದು ಮರೆಗೆ ಸರಿದೇ ಇರುತ್ತದೆ ಅಂದ. ಅಂತರಪಟದ ಕೆಳಗಿನ ಉಗುರು ನೋಡುತ್ತ ನನಗೆ ಅವರ ಮುಖ ತಪ್ಪಿತು ಅಲ್ವಾ, ಹಾಗೆ.

ನಮ್ಮ 'ಅರಿವಿ'ಗೂ 'ಅರಿವು'ಗೂ ಇರುವುದು ಒಂದು ಗುಡಿಸು, ಒಂದು ಕೊಂಬಿನ ಅಂತರ. ನಂಟಿದೆ ಅಂತ ನಾನು ಹೇಳುವುದಿಲ್ಲ. ಕಿವಿಗೆ ಬಡಿಯುತ್ತದೆ, ಅಷ್ಟೇ.

ಈಗ ಕಣ್ಣಿನ ಮಾತು. ಎರಡು ವರ್ಷದ ಹಿಂದೆ ನನ್ನ ಬಲಗಣ್ಣಿನ ಪೊರೆ ತೆಗೆಸಿದರು. ಎಡಗಣ್ಣಿನದು ಆರು ತಿಂಗಳ ಮೇಲೆ ಮಾಡೋಣ ಅಂದರು. ಆ ಆರು ತಿಂಗಳು ನನಗೆ ಹಬ್ಬ. ಬೆಳಗ್ಗೆ ರೊಟ್ಟಿಗೆ ಹಿಟ್ಟು ಸುರಿದುಕೊಂಡು ಒಂದೊಂದೇ ಕಣ್ಣು ಮುಚ್ಚಿ ನೋಡುತ್ತಿದ್ದೆ. ಎಡಗಣ್ಣಿಗೆ ಜೋಳದ ಹಿಟ್ಟು ಕೆನೆಬಣ್ಣ, ಹಳೆ ಕಾಗದದ ಬಣ್ಣ. ಬಲಗಣ್ಣಿಗೆ ಬೆಳ್ಳಗೆ, ಸ್ವಲ್ಪ ನೀಲಿ ಕೂಡ. ಅಷ್ಟು ವರ್ಷ ಹಳದಿ ಗಾಜಿನಲ್ಲಿ ನೋಡುತ್ತಿದ್ದೆ, ಗೊತ್ತೇ ಇರಲಿಲ್ಲ. ಮುಸುಕು ಹಾಕಿಕೊಂಡವರಿಗೆ ಮುಸುಕು ಕಾಣುವುದಿಲ್ಲ, ಹಿಟ್ಟು ಕಾಣುತ್ತದೆ. ಇದನ್ನು ಡಾಕ್ಟರಿಗೆ ಹೇಳಿದೆ. ಅವರು ನಕ್ಕರು. "ಅಕ್ಕೋರೆ, ಪೊರೆ ತೆಗೆದು ಸುಮ್ನೆ ಬಿಟ್ಟಿಲ್ಲ. ಆ ಜಾಗದಲ್ಲಿ ಇನ್ನೊಂದು ಮಸೂರ ಕೂರಿಸಿದ್ದೇವೆ. ಅದಿಲ್ಲದೆ ನಿಮಗೆ ನಾನೂ ಮಬ್ಬು ಮಬ್ಬು" ಅಂದರು. ಎಂಥ ಮಾತು ನೋಡು! ಮನೆಗೆ ಬಂದು ಮೊದಲು ಬರೆದುಕೊಂಡದ್ದು ಅದನ್ನೇ. ಏನೂ ಇಲ್ಲದೆ ನೋಡುವುದು ಅಂತ ಇಲ್ಲ. ಯಾವುದರಿಂದ ನೋಡುತ್ತೇವೆ ಅನ್ನುವುದಷ್ಟೇ ಇದೆ.

ನೀನು ಇನ್ನೂ ಒಂದು ಮಾಡಬೇಕು. ಇಬ್ರಾಹಿಂ ರೋಜಾಕ್ಕೆ ಹೋಗು. ಗೋಲಗುಮ್ಮಟ ನೋಡಿದ್ದೇನೆ ಅಂತ ಬರೆದಿದ್ದೀಯ, ಸರಿ. ಅಲ್ಲಿ ಕಟ್ಟೆಯ ಮೇಲೆ ಕಾಣುವವು ಗೋರಿಗಳಲ್ಲ, ಗೋರಿಗಳ ಗುರುತು. ನಿಜವಾದವು ಕೆಳಗೆ ನೆಲಮಾಳಿಗೆಯಲ್ಲಿವೆ. ಅದೂ ನಿನ್ನ ವಿಷಯಕ್ಕೆ ಹತ್ತಿರವೇ, ಆದರೆ ನನಗೆ ರೋಜಾ ಜಾಸ್ತಿ ಇಷ್ಟ. 1627ರಲ್ಲಿ ತೀರಿಕೊಂಡ ಎರಡನೇ ಇಬ್ರಾಹಿಂ ಆದಿಲ್‌ಶಾಹ ಮಲಗಿರುವ ಜಾಗ. ಗೋರಿಯ ಕೋಣೆಗೆ ಬೆಳಕು ಕೊಡುವ ಕಿಟಕಿಗಳಿಗೆ ಕಲ್ಲಿನ ಜಾಲರಿ ಇದೆ. ಹೂವು ಬಳ್ಳಿಯ ಜಾಲರಿ ಅಲ್ಲ, ಅರಬ್ಬಿ ಅಕ್ಷರಗಳದ್ದು. ಅಕ್ಷರವನ್ನು ಉಳಿಸಿ ನಡುವಿನ ಕಲ್ಲನ್ನು ಕೊರೆದು ತೆಗೆದಿದ್ದಾರೆ. ಅಕ್ಷರ ಅಕ್ಷರದ ಸಂದಿಯಿಂದ ಬೆಳಕು ಒಳಗೆ ಬರುತ್ತದೆ.

ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ. ಒಂದು ವರ್ಷ ಐದನೇ ಇಯತ್ತೆಯ ಹುಡುಗಿಯೊಬ್ಬಳು ಒಳಗೆ ಹೊರಗೆ ಓಡಾಡುತ್ತಲೇ ಇದ್ದಳು. ಗದರಿದೆ. ಆಗ ಅವಳು ಹೇಳಿದಳು: "ಅಕ್ಕೋರೆ, ಹೊರಗಿಂದ ನೋಡಿದ್ರ ಅಕ್ಷರ ಬೆಳಗ್ ಕಾಣ್ತಾವು, ತೂತು ಕರ್ರಗ ಕಾಣ್ತಾವು. ಒಳಗಿಂದ ನೋಡಿದ್ರ ಅಕ್ಷರ ಕರ್ರಗ, ತೂತು ಬೆಳಗ್." ನಾನು ಹದಿನೈದು ಸಲ ಹೋಗಿದ್ದೆ. ನೋಡಿರಲಿಲ್ಲ. ಅವತ್ತು ನಾನೂ ಆ ಹುಡುಗಿಯ ಜೊತೆ ನಾಲ್ಕು ಸಲ ಒಳಗೆ ಹೊರಗೆ ಓಡಾಡಿದೆ. ಕಾವಲುಗಾರ ಇಬ್ಬರನ್ನೂ ಬೈದ.

ನಾವು ಬರೆಯುವವರಿಗೆ ಅಕ್ಷರ ಬಿಟ್ಟರೆ ಬೇರೆ ಬಟ್ಟೆ ಇಲ್ಲ. ಹರಿಯುತ್ತೇನೆ, ಹರಿಯುತ್ತೇನೆ ಅಂತ ಹನ್ನೊಂದು ಕವಿತೆಗಳಲ್ಲಿ ನೀನು ನೇಯುತ್ತಲೇ ಇದ್ದೀಯ. ನೇಯುವವನಿಗೆ ನೂಲಿನ ಮೇಲೆ ಸಿಟ್ಟು ಇರಬಾರದು. ಸಂದಿ ಎಷ್ಟು ಬಿಡಬೇಕು ಅನ್ನುವುದರ ಮೇಲೆ ಕಣ್ಣಿರಬೇಕು. ನೀನು ಸಂದಿಯೇ ಬಿಟ್ಟಿಲ್ಲ. ಬ್ರಹ್ಮ, ಮಾಯೆ, ಶೂನ್ಯ, ಅನಂತ, ಎಲ್ಲವನ್ನೂ ಒತ್ತೊತ್ತಾಗಿ ತುಂಬಿದ್ದೀಯ. ಗೋಣಿತಾಟಿನಂತಾಗಿದೆ. ಗಾಳಿಯೂ ಆಡುವುದಿಲ್ಲ.

ಏಳನೆಯ ಕವಿತೆ ಬೇರೆ. ಅದರಲ್ಲಿ ಮುಸುಕು ಅನ್ನುವ ಪದವೇ ಇಲ್ಲ, ಗಮನಿಸಿದ್ದೀಯಾ? ಬಹುಶಃ ನಿನಗೇ ಅದು ಸಣ್ಣದು ಅನಿಸಿರಬೇಕು, ಕಟ್ಟಿನ ನಡುವೆ ಅಡಗಿಸಿಟ್ಟಿದ್ದೀಯ. ಅವ್ವ ಹೊಲಕ್ಕೆ ಹೊರಡುವ ಮುಂಚೆ ರೊಟ್ಟಿಬುಟ್ಟಿಗೆ ಹಸಿ ಅರಿವಿ ಮುಚ್ಚುತ್ತಾಳೆ. ಸಾಲಿ ಬಿಟ್ಟು ಬಂದ ಹುಡುಗ ಅರಿವಿ ತೆಗೆಯುವ ಮುನ್ನ ಅದರ ಮೇಲೆ ಅಂಗೈ ಇಟ್ಟು, ಬಿಸಿ ಇದೆಯೋ ಇಲ್ಲವೋ ನೋಡುತ್ತಾನೆ. ಬಿಸಿ ಇದ್ದರೆ ಅವ್ವ ಈಗಷ್ಟೇ ಹೋಗಿದ್ದಾಳೆ, ಓಡಿದರೆ ಸಿಗುತ್ತಾಳೆ. ಆರಿದ್ದರೆ ಇಲ್ಲ. ಆರು ಸಾಲು. ನಾನು ಕೆಂಪು ಪೆನ್ನು ಕೆಳಗಿಟ್ಟೆ. ಇರುವುದು, ಇಲ್ಲದಿರುವುದು, ಇದ್ದು ಹೋದದ್ದು, ಎಲ್ಲ ಆ ಅರಿವಿಯ ಮೇಲೇ ಗೊತ್ತಾಗುತ್ತಿದೆ. ತೆಗೆಯುವುದು ಬೇಕಾಗಿಲ್ಲ. ನೀನು ತೆಗೆದೂ ಇಲ್ಲ, ಕವಿತೆ ಅಲ್ಲೇ ನಿಂತಿದೆ.

ಒಂದೇ ತಕರಾರು. ನಾಲ್ಕನೇ ಸಾಲಿನಲ್ಲಿ 'ಶುಭ್ರ ವಸ್ತ್ರ' ಅಂತ ಬರೆದಿದ್ದೀಯ. ರೊಟ್ಟಿಬುಟ್ಟಿಯ ಮೇಲಿನ ಅರಿವಿ ಯಾವ ಮನೆಯಲ್ಲಿ ಶುಭ್ರವಾಗಿರುತ್ತದೆ? ಹಳೆ ಧೋತ್ರದ ತುಂಡು ಇದ್ದೀತು, ಸೀರೆಯ ಅಂಚು ಇದ್ದೀತು. ಒಂದು ಮೂಲೆಯಲ್ಲಿ ಸುಟ್ಟ ಕಲೆ ಇದ್ದೀತು. ಊಹೆ ಮಾಡಿ ತುಂಬಬೇಡ. ನಿಮ್ಮ ಅವ್ವನಿಗೆ ಫೋನ್ ಹಚ್ಚು. ಆ ಅರಿವಿ ಯಾವುದಿತ್ತು, ಯಾರ ಸೀರೆಯದು, ಈಗ ಎಲ್ಲಿದೆ ಅಂತ ಕೇಳು. ಕೇಳಿ, ಅವರು ಏನು ಹೇಳಿದರು ಅಂತ ನನಗೂ ಬರೆ.

ನಿನ್ನ,
ಅಕ್ಕೋರು

ತಾಜಾ ಕಲಂ: ರೋಜಾಕ್ಕೆ ಬರುವುದಿದ್ದರೆ ಮೊದಲೇ ತಿಳಿಸು, ನಾನೂ ಬರುತ್ತೇನೆ. ಈಗ ಎರಡೂ ಕಣ್ಣು ಸರಿ ಇವೆ.